ಕೇಳಿ ನೋಡೋಣ: ನೂರಕ್ಕೆ ಎಷ್ಟು? ಯಾರ ನೂರಕ್ಕೆ?

ಹೋದ ತಿಂಗಳು ಇದೇ ಅಂಕಣದಲ್ಲಿ ಒಂದು ಸಾಲು ಬರೆದಿದ್ದೆ. ಭಾರತದಲ್ಲಿ ಹತ್ತು ಪುಟ ತೆರೆದರೆ ಎಂಟಕ್ಕಿಂತ ಜಾಸ್ತಿ ಕ್ರೋಮ್‌ನಲ್ಲೇ ತೆರೆಯುತ್ತವೆ ಅಂತ. ಅಷ್ಟಕ್ಕೇ ಇಷ್ಟು ಜನ ಜಗಳಕ್ಕೆ ಬರುತ್ತಾರೆ ಅಂದುಕೊಂಡಿರಲಿಲ್ಲ. ಖುಷಿಯಾಯಿತು. ಹಾಗಾಗಿ ಈ ಸಲ ಪೂರ್ತಿ ಬ್ರೌಸರ್ ಲೆಕ್ಕದ್ದೇ ಮಾತು. ಪ್ರಿಂಟರ್ ರಿಪೇರಿ, ಫೋನ್ ಬಿಸಿಯಾಗುವ ಪ್ರಶ್ನೆ ಕಳಿಸಿದವರು ಮುಂದಿನ ತಿಂಗಳವರೆಗೆ ತಾಳ್ಮೆಯಿಂದ ಇರಿ.

ಧಾರವಾಡದಿಂದ ಪತ್ರಿಕೋದ್ಯಮದ ವಿದ್ಯಾರ್ಥಿನಿ ಕೇಳುತ್ತಾರೆ: ಮೇಡಂ, ಅಸೈನ್‌ಮೆಂಟಿಗೆ ಅಂತ 2012ರ ಹಳೇ ಸುದ್ದಿಗಳನ್ನು ತೆಗೆದು ಓದುತ್ತಿದ್ದೆ. ಆ ವರ್ಷದ ಮೇ ತಿಂಗಳಲ್ಲಿ ಕ್ರೋಮ್ ಜಗತ್ತಿನ ನಂಬರ್ ಒನ್ ಬ್ರೌಸರ್ ಆಯಿತು ಅಂತ ಒಂದು ಸುದ್ದಿ. ಅದೇ ತಿಂಗಳ ಇನ್ನೊಂದು ಲೆಕ್ಕದಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ ಶೇ 54, ಕ್ರೋಮ್ ಶೇ 20 ಕೂಡ ಮುಟ್ಟಿಲ್ಲ. ಇಬ್ಬರಲ್ಲಿ ಸುಳ್ಳು ಹೇಳಿದವರು ಯಾರು?

ಯಾರೂ ಅಲ್ಲ. ಅದಕ್ಕೇ ನಿಮ್ಮ ಪತ್ರವನ್ನು ಮೊದಲಿಗೆ ಇಟ್ಟುಕೊಂಡೆ.

ಮೊದಲನೇ ಸುದ್ದಿಯ ಮೂಲ ಸ್ಟ್ಯಾಟ್‌ಕೌಂಟರ್, ಐರ್ಲೆಂಡಿನ ಡಬ್ಲಿನ್‌ನ ಕಂಪನಿ. ಎರಡನೆಯದು ಅಮೆರಿಕದ ನೆಟ್ ಅಪ್ಲಿಕೇಷನ್ಸ್. ಮೇಲ್ನೋಟಕ್ಕೆ ಇಬ್ಬರ ಕೆಲಸವೂ ಒಂದೇ ಥರ. ಸಾವಿರಾರು, ಲಕ್ಷಾಂತರ ವೆಬ್‌ಸೈಟುಗಳ ಪುಟದೊಳಗೆ ಇವರದೊಂದು ಸಣ್ಣ ಕೋಡ್ ಕೂತಿರುತ್ತದೆ. ನೀವು ಆ ಪುಟ ತೆರೆದ ಕೂಡಲೇ ಅದು ಇಂಥ ಬ್ರೌಸರ್, ಇಂಥ ದೇಶ ಅಂತ ವರದಿ ಕಳಿಸುತ್ತದೆ. ವ್ಯತ್ಯಾಸ ಶುರುವಾಗುವುದು ಆಮೇಲೆ.

ಸ್ಟ್ಯಾಟ್‌ಕೌಂಟರ್ ಎಣಿಸುವುದು ಪುಟಗಳನ್ನು. ನೆಟ್ ಅಪ್ಲಿಕೇಷನ್ಸ್ ಎಣಿಸುತ್ತಿದ್ದದ್ದು ಬಂದವರನ್ನು. ಒಬ್ಬರು ಒಂದು ಸೈಟಿಗೆ ಒಂದೇ ದಿನ ಎಷ್ಟು ಸಲ ಬಂದರೂ ಒಂದೇ ಲೆಕ್ಕ. ಇದರಿಂದ ಏನಾಗುತ್ತದೆ ನೋಡಿ. ಹಾಸ್ಟೆಲ್ ಹುಡುಗನೊಬ್ಬ ರಾತ್ರಿಯೆಲ್ಲ ಕೂತು ಕ್ರೋಮ್‌ನಲ್ಲಿ 60 ಪುಟ ತೆರೆದ ಅಂತಿಟ್ಟುಕೊಳ್ಳಿ. ಆಫೀಸಿನ ಮೂವರು ಎಕ್ಸ್‌ಪ್ಲೋರರ್‌ನಲ್ಲಿ ತಲಾ 20 ಪುಟ ತೆರೆದರು. ಪುಟ ಎಣಿಸಿದರೆ ಇಬ್ಬರೂ ಸಮ, ಅರ್ಧಕ್ಕರ್ಧ. ಜನರನ್ನು ಎಣಿಸಿದರೆ ಎಕ್ಸ್‌ಪ್ಲೋರರ್ ಶೇ 75, ಕ್ರೋಮ್ ಶೇ 25. ನಾಲ್ಕೇ ಜನ, ಒಂದೇ ರಾತ್ರಿ, ಎರಡು ತಲೆಬರಹ. 2012ರಲ್ಲಿ ಕ್ರೋಮ್ ಹಾಕಿಕೊಂಡಿದ್ದವರು ಹೆಚ್ಚಾಗಿ ಇಂಥ ಹಾಸ್ಟೆಲ್ ಹುಡುಗರೇ, ದಿನವಿಡೀ ನೆಟ್‌ನಲ್ಲಿ ಇರುವವರು.

ಎರಡನೇ ವ್ಯತ್ಯಾಸ ಇನ್ನೂ ದೊಡ್ಡದು. ಚೀನಾದಲ್ಲಿ ಆಗಲೇ 50 ಕೋಟಿಗೂ ಜಾಸ್ತಿ ಜನ ಇಂಟರ್ನೆಟ್ ಬಳಸುತ್ತಿದ್ದರು. ಆದರೆ ಈ ಕಂಪನಿಗಳ ಕೋಡ್ ಇದ್ದ ಚೀನೀ ಸೈಟುಗಳು ಕಡಿಮೆ. ನೆಟ್ ಅಪ್ಲಿಕೇಷನ್ಸ್ ಏನು ಮಾಡಿತು ಅಂದರೆ, ಯಾವ ದೇಶದಲ್ಲಿ ಎಷ್ಟು ಜನ ನೆಟ್ ಬಳಸುತ್ತಾರೆ ಅಂತ ಅಮೆರಿಕದ ಸಿಐಎ ಪ್ರಕಟಿಸುವ ಅಂಕಿ ತೆಗೆದುಕೊಂಡು, ಅದಕ್ಕೆ ತಕ್ಕ ಹಾಗೆ ಪ್ರತಿ ದೇಶದ ಲೆಕ್ಕವನ್ನು ಹಿಗ್ಗಿಸಿತು ಇಲ್ಲವೇ ಕುಗ್ಗಿಸಿತು. ಚೀನಾದ ತೂಕ ಏರಿತು. ಚೀನಾದಲ್ಲಿ ಆಗ ಹಳೇ ವಿಂಡೋಸ್ ಎಕ್ಸ್‌ಪಿ, ಅದರ ಜೊತೆ ಎಕ್ಸ್‌ಪ್ಲೋರರ್ 6 ತುಂಬಿತ್ತು. ಅಲ್ಲಿನವರೇ ಮಾಡಿದ ಹಲವು ಬ್ರೌಸರುಗಳ ಒಳಗೂ ಎಕ್ಸ್‌ಪ್ಲೋರರ್‌ನ ಎಂಜಿನ್ನೇ, ಅಂದರೆ ಪುಟದ ಕೋಡ್ ಓದಿ ತೆರೆಯ ಮೇಲೆ ತೋರಿಸುವ ಭಾಗವೇ, ಇತ್ತು. ಅಲ್ಲಿಗೆ ಎಕ್ಸ್‌ಪ್ಲೋರರ್ ಮೇಲೆ ಹೋಯಿತು. ಸ್ಟ್ಯಾಟ್‌ಕೌಂಟರ್ ಈ ತೂಕ ಹಾಕುವ ಕೆಲಸಕ್ಕೇ ಹೋಗಲಿಲ್ಲ. ಬಂದದ್ದನ್ನು ಬಂದ ಹಾಗೆ ಕೂಡಿಸಿತು.

ಎಕ್ಸ್‌ಪ್ಲೋರರ್ ಮಾಡಿದ ಮೈಕ್ರೋಸಾಫ್ಟ್ ಸುಮ್ನೆ ಇರುತ್ತದೆಯೇ? 2012ರ ಮಾರ್ಚ್ 18ರಂದು ಕ್ರೋಮ್ ಒಂದು ದಿನದ ಮಟ್ಟಿಗೆ ಮೊದಲ ಸ್ಥಾನಕ್ಕೆ ಬಂತು ಅಂತ ಸ್ಟ್ಯಾಟ್‌ಕೌಂಟರ್ ಹೇಳಿದಾಗ, ಮೈಕ್ರೋಸಾಫ್ಟ್ ಬಹಿರಂಗವಾಗಿಯೇ ಎರಡು ತಕರಾರು ಎತ್ತಿತು. ದೇಶಗಳ ತೂಕ ಹಾಕಿಲ್ಲ ಅನ್ನುವುದು ಒಂದು. ಇನ್ನೊಂದು ಸ್ವಾರಸ್ಯದ್ದು. ಕ್ರೋಮ್‌ಗೆ ಆಗ ಒಂದು ಹೊಸ ಚಾಳಿ ಬಂದಿತ್ತು. ನೀವು ಮುಂದೆ ಯಾವ ಪುಟ ತೆರೆಯಬಹುದು ಅಂತ ಊಹಿಸಿ, ಹಿಂದೆಯೇ ಅದನ್ನು ತಯಾರು ಮಾಡಿ ಇಟ್ಟುಕೊಳ್ಳುವುದು. ನೀವು ಆ ಪುಟ ನೋಡದೇ ಹೋದರೂ ಎಣಿಸುವ ಕೋಡ್ ಓಡಿಬಿಡುತ್ತದೆ. ಯಾರೂ ನೋಡದ ಪುಟವೂ ಕ್ರೋಮ್ ಖಾತೆಗೆ ಜಮಾ! ಈ ತಕರಾರು ನ್ಯಾಯವಾದದ್ದೇ. ಸ್ಟ್ಯಾಟ್‌ಕೌಂಟರ್ ಆ ವರ್ಷದ ಮೇ ತಿಂಗಳಿಂದ ಅಂಥ ಪುಟಗಳನ್ನು ಕಳೆದೇ ಲೆಕ್ಕ ಕೊಟ್ಟಿತು. ಕಳೆದ ಮೇಲೂ ಆ ತಿಂಗಳು ಎರಡೂ ಶೇ 32ರ ಸುಮಾರಿನಲ್ಲಿದ್ದು, ಕ್ರೋಮ್ ಒಂದು ಕೂದಲೆಳೆ ಮುಂದಿತ್ತು.

ಅಂದಹಾಗೆ, ಆ ಮಾರ್ಚ್ 18 ಭಾನುವಾರ. ಆಫೀಸುಗಳಿಗೆ ರಜಾ. ಆಫೀಸಿನ ಕಂಪ್ಯೂಟರಿನಲ್ಲಿ ಎಕ್ಸ್‌ಪ್ಲೋರರ್ ಬಿಟ್ಟು ಬೇರೇನನ್ನೂ ಹಾಕಿಕೊಳ್ಳಲು ಬಿಡುತ್ತಿರಲಿಲ್ಲ. ಮನೆಗೆ ಬಂದರೆ ಜನ ತಮಗೆ ಬೇಕಾದ್ದನ್ನು ಬಳಸುತ್ತಿದ್ದರು. ವಾರದ ಕೊನೆಗೆ ಕ್ರೋಮ್ ಏರುತ್ತಿತ್ತು, ಸೋಮವಾರ ಇಳಿಯುತ್ತಿತ್ತು. ನಾನು ಆಗ ಮೈಸೂರಿನಲ್ಲಿ ಸಣ್ಣಪುಟ್ಟ ಸೈಟುಗಳನ್ನು ನೋಡಿಕೊಳ್ಳುತ್ತಿದ್ದೆ. ಅವುಗಳ ಲಾಗ್‌ನಲ್ಲೂ, ಅಂದರೆ ಯಾರು ಯಾವ ಬ್ರೌಸರಿನಿಂದ ಬಂದರು ಅನ್ನುವ ದಾಖಲೆಯಲ್ಲೂ, ಈ ವಾರದ ಏರಿಳಿತ ಚೆನ್ನಾಗಿ ಕಾಣುತ್ತಿತ್ತು. ದೀಪಾವಳಿ ರಜೆಯಲ್ಲಂತೂ ಕೇಳುವುದೇ ಬೇಡ.

ನೆಟ್ ಅಪ್ಲಿಕೇಷನ್ಸ್ ಲೆಕ್ಕದಲ್ಲಿ ಕ್ರೋಮ್ ಎಕ್ಸ್‌ಪ್ಲೋರರನ್ನು ದಾಟಿದ್ದು 2016ರ ಏಪ್ರಿಲ್‌ನಲ್ಲಿ. ಅಂದರೆ ಒಂದೇ ಘಟನೆ, ಎರಡು ಪುಸ್ತಕಗಳಲ್ಲಿ ನಾಲ್ಕು ವರ್ಷದ ಅಂತರದಲ್ಲಿ ದಾಖಲಾಗಿದೆ. ನನ್ನನ್ನು ಕೇಳಿದರೆ, ಇಬ್ಬರ ಅಂಕಿಯಲ್ಲೂ ಒಂದು ಮಾತ್ರ ಗಟ್ಟಿ: ಎಕ್ಸ್‌ಪ್ಲೋರರ್ ಇಳಿಯುತ್ತಿತ್ತು, ಕ್ರೋಮ್ ಏರುತ್ತಿತ್ತು. ಅದರಲ್ಲಿ ಇಬ್ಬರಿಗೂ ಜಗಳವಿರಲಿಲ್ಲ. ನೀವು ಮುಂದೆ ಪತ್ರಕರ್ತೆಯಾದಾಗ ತಲೆಬರಹದ ಕೆಳಗೆ ಒಂದೇ ಸಾಲು ಜಾಸ್ತಿ ಬರೆಯಿರಿ. ಯಾರು ಎಣಿಸಿದರು, ಏನನ್ನು ಎಣಿಸಿದರು. ಅಸೈನ್‌ಮೆಂಟಿಗೆ ಒಳ್ಳೆ ಮಾರ್ಕ್ಸ್ ಬರಲಿ.

ದಾವಣಗೆರೆಯಿಂದ ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು: ನನ್ನ ಮಗ ವೆಬ್ ಡೆವಲಪರ್. 2009ರ ಹೊತ್ತಿಗೇ ಫೈರ್‌ಫಾಕ್ಸ್ ಮೊದಲ ಸ್ಥಾನದಲ್ಲಿತ್ತು, ಡಬ್ಲ್ಯೂ3ಸ್ಕೂಲ್ಸ್ ಸೈಟಿನಲ್ಲೇ ಅಂಕಿ ಇದೆ ಅಂತ ವಾದಿಸುತ್ತಾನೆ. ನಿಜವೇ?

ಅಂಕಿ ನಿಜ ಸರ್. ಆದರೆ ಅದು ಆ ಸೈಟಿಗೆ ಬಂದವರ ಲೆಕ್ಕ. ಅಲ್ಲಿಗೆ ಬರುವವರು ವೆಬ್‌ಸೈಟ್ ಕಟ್ಟುವುದನ್ನು ಕಲಿಯುವವರು, ಅಂದರೆ ನಿಮ್ಮ ಮಗನಂಥವರು. ಆಗ ಅವರಲ್ಲಿ ಫೈರ್‌ಫಾಕ್ಸ್ ಇಲ್ಲದವರೇ ಕಡಿಮೆ. ಸಾಮಾನ್ಯ ಜನರ ಅಂಕಿ ಬೇರೆ ಇರುತ್ತದೆ ಅಂತ ಆ ಸೈಟೇ ಎಚ್ಚರಿಕೆ ಹಾಕಿತ್ತು. ಮಗ ಆ ಸಾಲನ್ನು ತೋರಿಸಲಿಲ್ಲ, ಅಲ್ವಾ?

ನಮ್ಮದೇ ಉದಾಹರಣೆ ಇದೆ. 2000ದ ದಶಕದ ಶುರುವಿನಲ್ಲಿ ಎಷ್ಟೋ ಕನ್ನಡ ಸೈಟುಗಳು ತಮ್ಮದೇ ಫಾಂಟ್ ಬಳಸುತ್ತಿದ್ದವು. ಪುಟದ ಜೊತೆ ಆ ಫಾಂಟ್ ತಾನಾಗಿಯೇ ಇಳಿದುಕೊಳ್ಳುವ ವ್ಯವಸ್ಥೆ ಎಕ್ಸ್‌ಪ್ಲೋರರಿನಲ್ಲಿ ಮಾತ್ರ ಕೆಲಸ ಮಾಡುತ್ತಿತ್ತು. ಬೇರೆ ಬ್ರೌಸರಿನಲ್ಲಿ ತೆರೆದರೆ ಕನ್ನಡದ ಬದಲು ಚಿತ್ರವಿಚಿತ್ರ ಅಕ್ಷರಗಳ ಸಾಲು. ಆ ಸೈಟಿನವರು ಲೆಕ್ಕ ತೆಗೆದು "ನಮ್ಮ ಓದುಗರೆಲ್ಲ ಎಕ್ಸ್‌ಪ್ಲೋರರ್‌ನವರೇ, ಬೇರೆಯದಕ್ಕೆ ಯಾಕೆ ಖರ್ಚು ಮಾಡಬೇಕು" ಅನ್ನುತ್ತಿದ್ದರು. ಇಂಥ ಒಬ್ಬರ ಜೊತೆ ನಾನು ಮೀಟಿಂಗಿನಲ್ಲಿ ವಾದ ಮಾಡಿದ್ದೇನೆ. ಬಾಗಿಲು ಹಾಕಿಕೊಂಡು ಯಾರೂ ಬರಲಿಲ್ಲ ಅಂದರೆ ಹೇಗೆ ಸ್ವಾಮಿ ಅಂತ ಕೇಳಿದೆ. ಅವರು ಕಾಫಿ ತರಿಸಿದರು, ಉತ್ತರ ಕೊಡಲಿಲ್ಲ. ದಕ್ಷಿಣ ಕೊರಿಯಾದಲ್ಲಿ ಇದು ದೇಶದ ಮಟ್ಟದಲ್ಲಿ ಆಯಿತು. ಅಲ್ಲಿನ ಬ್ಯಾಂಕು, ಶಾಪಿಂಗ್ ಎಲ್ಲವೂ ಆಕ್ಟಿವ್‌ಎಕ್ಸ್ ಅನ್ನುವ ಮೈಕ್ರೋಸಾಫ್ಟ್ ತಂತ್ರದ ಮೇಲೆ ನಿಂತುಬಿಟ್ಟು, ಬೇರೆ ಕಡೆ ಎಕ್ಸ್‌ಪ್ಲೋರರ್ ಬಿದ್ದ ಮೇಲೂ ಅಲ್ಲಿ ವರ್ಷಗಟ್ಟಲೆ ನಿಂತಿತ್ತು. ಜನ ಅದನ್ನು ಆರಿಸಿಕೊಂಡಿದ್ದರು ಅಂತ ಅಂಕಿ ನೋಡಿದವರಿಗೆ ಅನ್ನಿಸಬಹುದು.

ಉಡುಪಿಯ ಓದುಗರು: ನಾನು ಬ್ರೇವ್ ಬಳಸುತ್ತೇನೆ. ಯಾವ ಪಟ್ಟಿಯಲ್ಲೂ ಅದರ ಹೆಸರೇ ಇರುವುದಿಲ್ಲ. ನಾವು ಅಷ್ಟು ಕಡಿಮೆಯೇ?

ಕಡಿಮೆಯೋ ಜಾಸ್ತಿಯೋ, ನೀವು ಲೆಕ್ಕದಲ್ಲಿ ಕ್ರೋಮ್ ಆಗಿದ್ದೀರಿ. ಪ್ರತಿ ಬ್ರೌಸರ್ ಸೈಟಿಗೆ ಹೋದಾಗ ತನ್ನ ಪರಿಚಯದ ಒಂದು ಸಾಲು ಕಳಿಸುತ್ತದೆ. ಬ್ರೇವ್ ಕಳಿಸುವ ಸಾಲು ಕ್ರೋಮ್‌ನದ್ದೇ. ವಿವಾಲ್ಡಿ ಅನ್ನುವ ಬ್ರೌಸರ್ ಕೂಡ 2019ರ ಕೊನೆಯಿಂದ ಹೀಗೇ ಮಾಡುತ್ತಿದೆ. ತನ್ನ ಹೆಸರು ಹೇಳಿದರೆ ಕೆಲವು ಸೈಟುಗಳು ಒಳಗೆ ಬಿಡುತ್ತಿರಲಿಲ್ಲ, ಅದಕ್ಕೆ. ವೇಷ ಹಾಕುವುದು ಹಳೇ ಪದ್ಧತಿಯೇ. ಇವತ್ತಿಗೂ ಕ್ರೋಮ್, ಸಫಾರಿ, ಎಡ್ಜ್ ಎಲ್ಲದರ ಪರಿಚಯದ ಸಾಲು "ಮೊಜಿಲ್ಲಾ" ಎಂದೇ ಶುರುವಾಗುತ್ತದೆ. 1990ರ ದಶಕದಲ್ಲಿ ಆಗಿನ ದೊಡ್ಡ ಬ್ರೌಸರ್ ನೆಟ್‌ಸ್ಕೇಪ್ ತನ್ನನ್ನು ಹಾಗೆ ಕರೆದುಕೊಳ್ಳುತ್ತಿತ್ತು. ಒಳ್ಳೆಯ ಪುಟಗಳನ್ನು ಸೈಟುಗಳು ಅದಕ್ಕೆ ಮಾತ್ರ ಕೊಡುತ್ತಿದ್ದವು. ಎಕ್ಸ್‌ಪ್ಲೋರರ್ ತಾನೂ ಮೊಜಿಲ್ಲಾ ಅಂತ ಹೇಳಿಕೊಂಡು ಒಳಗೆ ನುಗ್ಗಿತು. ಆಮೇಲೆ ಬಂದವರೆಲ್ಲ ಅದೇ ದಾರಿ ಹಿಡಿದರು.

ಇನ್ನೊಂದು ವಿಷಯ. ನೀವು ಬ್ರೇವ್ ಹಾಕಿಕೊಂಡದ್ದೇ ಜಾಹೀರಾತು, ಟ್ರ್ಯಾಕರ್ ತಡೆಯಲು ಅಲ್ವಾ? ಎಣಿಸುವ ಕೋಡ್ ಕೂಡ ಒಂದು ಟ್ರ್ಯಾಕರೇ. ಅದನ್ನು ತಡೆದರೆ ನೀವು ಕ್ರೋಮ್ ಆಗಿಯೂ ಲೆಕ್ಕಕ್ಕೆ ಬರುವುದಿಲ್ಲ. ಎಣಿಕೆಯವರಿಗೆ ನೀವು ಇಲ್ಲವೇ ಇಲ್ಲ.

ಶಿವಮೊಗ್ಗದಿಂದ, "ಹಳೇ ಫೈರ್‌ಫಾಕ್ಸ್ ಅಭಿಮಾನಿ" ಎಂದು ಸಹಿ ಹಾಕಿದವರು: 2010ರಲ್ಲಿ ನಾನೇ ಗ್ರಾಫ್ ಪೇಪರಿನ ಮೇಲೆ ಗೆರೆ ಎಳೆದು, ಫೈರ್‌ಫಾಕ್ಸ್ ಗೆಲ್ಲುತ್ತದೆ ಅಂತ ಸ್ನೇಹಿತರಿಗೆ ತೋರಿಸಿದ್ದೆ. ಈಗ ಶೇ 2-3 ಅಂತಾರೆ. ಗೆರೆ ಎಲ್ಲಿ ತಪ್ಪಿತು ಮೇಡಂ?

ನಿಮ್ಮ ಪತ್ರ ಓದಿ ಕರುಳು ಚುರ್ ಅಂದಿತು. ನಾನೂ ಅದೇ ಪಕ್ಷದವಳು. ಈ ಅಂಕಣವನ್ನು ಟೈಪ್ ಮಾಡುತ್ತಿರುವುದೂ ಫೈರ್‌ಫಾಕ್ಸ್‌ನಲ್ಲೇ.

ನಿಮ್ಮ ಗೆರೆಯನ್ನು ಮತ್ತೆ ಎಳೆಯೋಣ. ಫೈರ್‌ಫಾಕ್ಸ್ 1.0 ಬಂದದ್ದು 2004ರ ನವೆಂಬರ್ 9. ಐದು ವರ್ಷದಲ್ಲಿ, 2009ರ ಕೊನೆಗೆ, ಸ್ಟ್ಯಾಟ್‌ಕೌಂಟರ್ ಲೆಕ್ಕದಲ್ಲಿ ಶೇ 32ರ ಹತ್ತಿರ ಹೋಯಿತು. ವರ್ಷಕ್ಕೆ ಸುಮಾರು 6 ಅಂಶ. ಸ್ಕೇಲ್ ಇಟ್ಟು ಎಳೆದರೆ 2020ರ ಕೊನೆಗೆ ಶೇ 98. ಈಗ ಕ್ರೋಮ್‌ಗೂ ಅದೇ ಸ್ಕೇಲ್ ಇಡಿ. 2008ರ ಸೆಪ್ಟೆಂಬರ್‌ನಲ್ಲಿ ಸೊನ್ನೆ, 2012ರ ಮೇ ತಿಂಗಳಲ್ಲಿ ಶೇ 32. ವರ್ಷಕ್ಕೆ ಹೆಚ್ಚುಕಡಿಮೆ 9 ಅಂಶ. ಅದು 2020 ಮುಗಿಯುವ ಮೊದಲೇ ನೂರು ದಾಟಬೇಕು. ಎರಡನ್ನೂ ಕೂಡಿಸಿದರೆ ನೂರಕ್ಕೆ ಇನ್ನೂರರ ಹತ್ತಿರ! ಇರುವ ಒಂದು ಹೋಳಿಗೆಯನ್ನು ಇಬ್ಬರಿಗೂ ಪೂರ್ತಿ ಬಡಿಸಿದ ಹಾಗೆ. ಪಾಲಿನ ಲೆಕ್ಕದಲ್ಲಿ ಒಬ್ಬರು ಏರಬೇಕಾದರೆ ಇನ್ನೊಬ್ಬರು ಇಳಿಯಲೇಬೇಕು. ಒಂದೊಂದಕ್ಕೇ ಬೇರೆ ಬೇರೆ ಗೆರೆ ಎಳೆದರೆ ಅದು ಮರೆತೇ ಹೋಗುತ್ತದೆ.

2010ರ ಡಿಸೆಂಬರ್‌ನಲ್ಲಿ ಯುರೋಪಿನಲ್ಲಿ ಫೈರ್‌ಫಾಕ್ಸ್ ಎಕ್ಸ್‌ಪ್ಲೋರರನ್ನು ದಾಟಿತು, ಸ್ಟ್ಯಾಟ್‌ಕೌಂಟರ್ ಪ್ರಕಾರ 38.11ಕ್ಕೆ 37.52. ನಾವೆಲ್ಲ ಕುಣಿದಾಡಿದೆವು. ಆದರೆ ಆ ಅಂಕಿಯನ್ನು ಬಿಡಿಸಿ ನೋಡಿದವರಿಗೆ ಬೇರೆಯೇ ಕಂಡಿತು. ಫೈರ್‌ಫಾಕ್ಸ್ ಏರಿರಲಿಲ್ಲ, ನಿಂತಲ್ಲೇ ನಿಂತಿತ್ತು. ಎಕ್ಸ್‌ಪ್ಲೋರರಿನಿಂದ ಜನರನ್ನು ಕಿತ್ತುಕೊಳ್ಳುತ್ತಿದ್ದದ್ದು ಕ್ರೋಮ್. ಸ್ಟ್ಯಾಟ್‌ಕೌಂಟರಿನವರೇ ಆಗ ಇದನ್ನು ಹೇಳಿದ್ದರು. ಗೆದ್ದ ತಿಂಗಳಿನಲ್ಲೇ ಸೋಲು ಶುರುವಾಗಿತ್ತು ಅನ್ನಬಹುದು.

ಗೆರೆ ಮುರಿದದ್ದು ಯಾಕೆ? ಕ್ರೋಮ್ ವೇಗವಾಗಿತ್ತು, ಅದು ನಿಜ. ಗೂಗಲ್‌ನ ಮುಖಪುಟದಲ್ಲಿ ಅದರ ಜಾಹೀರಾತಿತ್ತು. ಬೇರೆ ಸಾಫ್ಟ್‌ವೇರ್ ಹಾಕಿಕೊಳ್ಳಲು ಹೋದರೆ ಅದರ ಜೊತೆ ಟಿಕ್ ಹಾಕಿದ ಡಬ್ಬಿಯಲ್ಲಿ ಕ್ರೋಮ್ ಕೂಡ ಬರುತ್ತಿತ್ತು. ಇಷ್ಟೆಲ್ಲ ಇದ್ದರೂ ಫೈರ್‌ಫಾಕ್ಸ್ ಕಂಪ್ಯೂಟರಿನಲ್ಲಿ ತಕ್ಕಮಟ್ಟಿಗೆ ಉಳಿಯುತ್ತಿತ್ತೇನೋ. ಆದರೆ ಆಟ ನಡೆಯುವ ಮೈದಾನವೇ ಫೋನಿಗೆ ಹೋಯಿತು. 2016ರ ಅಕ್ಟೋಬರ್‌ನಲ್ಲಿ ಮೊಬೈಲ್ ಮತ್ತು ಟ್ಯಾಬ್ಲೆಟ್ ಸೇರಿ ಶೇ 51.3 ಆಗಿ, ಕಂಪ್ಯೂಟರನ್ನು ಮೊದಲ ಸಲ ಹಿಂದೆ ಹಾಕಿದವು. ಆಂಡ್ರಾಯ್ಡ್ ಫೋನ್ ಕೊಂಡರೆ ಕ್ರೋಮ್ ಒಳಗೇ ಇರುತ್ತದೆ. ಐಫೋನ್ ಕೊಂಡರೆ ಸಫಾರಿ. ಜನ ಹೆಚ್ಚಾಗಿ ಕೊಂಡ ಫೋನುಗಳಲ್ಲಿ ಫೈರ್‌ಫಾಕ್ಸ್ ಮೊದಲೇ ಕೂತು ಬರಲಿಲ್ಲ.

ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾ ಸಂಸ್ಥೆಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಫೈರ್‌ಫಾಕ್ಸ್ ಓಎಸ್ ಅಂತ ತನ್ನದೇ ಫೋನ್ ವ್ಯವಸ್ಥೆ ಕಟ್ಟಿತು. 2014ರ ಆಗಸ್ಟ್‌ನಲ್ಲಿ ಇಂಟೆಕ್ಸ್ ಕಂಪನಿ ಇಲ್ಲಿ 1,999 ರೂಪಾಯಿಗೆ ಅಂಥ ಫೋನ್ ಬಿಟ್ಟಿತು. ನಡೆಯಲಿಲ್ಲ. 2015ರ ಕೊನೆಗೆ ಮೊಜಿಲ್ಲಾ ಆ ಫೋನುಗಳ ಕೆಲಸ ನಿಲ್ಲಿಸಿತು. ತಮಾಷೆ ಏನೆಂದರೆ, ಅದೇ ಕೋಡಿನಿಂದ ಕವಲೊಡೆದ ಕೈಓಎಸ್ 2017ರಲ್ಲಿ ಜಿಯೋಫೋನಿನೊಳಗೆ ಬಂತು. ಹಳ್ಳಿ ಹಳ್ಳಿಯಲ್ಲಿ ಕೀಪ್ಯಾಡ್ ಜಿಯೋಫೋನ್ ಹಿಡಿದು ಹಾಡು ಕೇಳುತ್ತಿದ್ದವರ ಕೈಯಲ್ಲಿ ಫೈರ್‌ಫಾಕ್ಸ್‌ನ ಎಂಜಿನ್ ಇತ್ತು. ಅದನ್ನು ಫೈರ್‌ಫಾಕ್ಸ್ ಅಂತ ಯಾರೂ ಕರೆಯಲಿಲ್ಲ.

ಇನ್ನೊಂದು ಸಮಾಧಾನದ ಮಾತು, ಅರ್ಧ ಸಮಾಧಾನ. ಶೇ 32ರಿಂದ 2-3ಕ್ಕೆ ಬಿತ್ತು ಅಂದರೆ ಹತ್ತರಲ್ಲಿ ಒಂಬತ್ತು ಜನ ಬಿಟ್ಟುಹೋದರು ಅಂತಲ್ಲ. ಆ ನಡುವೆ ಫೋನ್ ಮೂಲಕ ಕೋಟಿಗಟ್ಟಲೆ ಹೊಸಬರು ಬಂದು ಕೆಳಗಿನ ನೂರು, ಅಂದರೆ ಒಟ್ಟು ಲೆಕ್ಕವೇ, ದೊಡ್ಡದಾಯಿತು. ಕಂಪ್ಯೂಟರುಗಳನ್ನು ಮಾತ್ರ ತೆಗೆದುಕೊಂಡರೆ ಫೈರ್‌ಫಾಕ್ಸ್ ಪಾಲು ಇದರ ಎರಡರಷ್ಟಾದರೂ ಇದೆ. ಆದರೆ ಮೊಜಿಲ್ಲಾವೇ ಪ್ರಕಟಿಸುವ ಲೆಕ್ಕದಲ್ಲೂ ಬಳಸುವವರು ಕಡಿಮೆಯಾಗಿದ್ದಾರೆ. ಅದನ್ನು ಮುಚ್ಚಿಡುವುದು ಅಭಿಮಾನಿಗೆ ಶೋಭೆಯಲ್ಲ.

ಕಲಬುರಗಿಯಿಂದ ಮೊಬೈಲ್ ಅಂಗಡಿಯವರು: ಒಂದು ಕಾಲದಲ್ಲಿ ಅಂಗಡಿಗೆ ಬಂದವರೆಲ್ಲ "ಯೂಸಿ ಹಾಕ್ಕೊಡ್ರಿ" ಅಂತಿದ್ದರು. ಈಗ ಹೆಸರೇ ಇಲ್ಲ. ಸರ್ಕಾರ ಬ್ಯಾನ್ ಮಾಡಿದ್ದಕ್ಕೇ ಅಲ್ಲವೇ?

ಕೊನೆ ಪೆಟ್ಟು ಅದೇ. 2020ರ ಜೂನ್ 29ರಂದು ನಿಷೇಧಿಸಿದ 59 ಚೀನೀ ಆ್ಯಪ್‌ಗಳಲ್ಲಿ ಯೂಸಿ ಬ್ರೌಸರ್ ಕೂಡ ಇತ್ತು. ಆದರೆ ಇಳಿಕೆ ಅದಕ್ಕೂ ಮೊದಲೇ ಶುರುವಾಗಿತ್ತು. ನಿಮ್ಮ ಗಿರಾಕಿಗಳು ಯೂಸಿ ಕೇಳುತ್ತಿದ್ದದ್ದು ಯಾಕೆ ಹೇಳಿ? ಡೇಟಾ ಉಳಿಯುತ್ತಿತ್ತು. ಪುಟವನ್ನು ತನ್ನ ಸರ್ವರಿನಲ್ಲಿ ಹಿಂಡಿ, ಚಿಕ್ಕದು ಮಾಡಿ ಕಳಿಸುತ್ತಿತ್ತು. ಒಪೆರಾ ಮಿನಿ ಮಾಡಿದ್ದೂ ಇದನ್ನೇ. ಟೂಜಿ ಕಾಲದಲ್ಲಿ, ಚಿಕ್ಕ ಮೆಮೊರಿ ಫೋನಿನಲ್ಲಿ ಅದು ದೊಡ್ಡ ಉಪಕಾರ. ನಮ್ಮ ದೇಶದ ಮೊಬೈಲ್ ಬ್ರೌಸಿಂಗಿನ ಅರ್ಧದ ಆಸುಪಾಸು ಯೂಸಿಯದೇ ಅಂತ ಸ್ಟ್ಯಾಟ್‌ಕೌಂಟರ್ ತೋರಿಸುತ್ತಿದ್ದ ದಿನಗಳಿದ್ದವು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು, ಡೇಟಾ ಅಗ್ಗವಾಯಿತು. ಉಳಿಸುವ ಬ್ರೌಸರ್ ಯಾರಿಗೆ ಬೇಕು? ಬ್ರೌಸರ್ ಅಂಕಿಯನ್ನಷ್ಟೇ ನೋಡುತ್ತಾ ಕೂತ ಯಾವ ಪಂಡಿತನಿಗೂ ಇದು ಮೊದಲೇ ಕಾಣುತ್ತಿರಲಿಲ್ಲ. ನಿಮ್ಮ ಅಂಗಡಿಯ ರೀಚಾರ್ಜ್ ಪುಸ್ತಕ ನೋಡಿದ್ದರೆ ಕಾಣುತ್ತಿತ್ತು.

ಹುಬ್ಬಳ್ಳಿಯಿಂದ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಗುಂಪು: ಅಕ್ಕಾ, ನಾವು ಕನ್ನಡದವರಿಗಾಗಿಯೇ ಒಂದು ಬ್ರೌಸರ್ ಮಾಡುತ್ತಿದ್ದೇವೆ. ಭಾರತದ ಮಾರುಕಟ್ಟೆಯಲ್ಲಿ ಶೇ 1 ಸಿಕ್ಕರೆ ಸಾಕು ಅಂತ ಪ್ರೆಸೆಂಟೇಷನ್‌ನಲ್ಲಿ ಹಾಕಿದ್ದೇವೆ. ಒಂದು ರಿಸರ್ಚ್ ರಿಪೋರ್ಟಿನಿಂದ ಬೆಳವಣಿಗೆ ದರವನ್ನೂ ಸೇರಿಸಿದ್ದೇವೆ. ಹೇಗಿದೆ?

ಬ್ರೌಸರ್ ಮಾಡಿ, ಖಂಡಿತ ಮಾಡಿ. ಆ ಸ್ಲೈಡ್ ಮಾತ್ರ ತೆಗೆಯಿರಿ ತಮ್ಮಂದಿರಾ.

"ಶೇ 1 ಸಾಕು" ಅನ್ನುವುದು ಕೇಳಲು ವಿನಯದ ಮಾತು. ಆದರೆ ಆ ಒಂದನ್ನು ಯಾರೂ ತಟ್ಟೆಯಲ್ಲಿಟ್ಟು ಕೊಡುವುದಿಲ್ಲ. ಒಪೆರಾ 1990ರ ದಶಕದಿಂದ ಕೆಲಸ ಮಾಡುತ್ತಿದೆ. ಎಷ್ಟೊಂದು ಒಳ್ಳೆಯ ವಿಚಾರಗಳನ್ನು ಮೊದಲು ತಂದದ್ದು ಅದೇ. ಆದರೂ ಜಗತ್ತಿನ ಲೆಕ್ಕದಲ್ಲಿ ಶೇ 2ರ ಆಸುಪಾಸಿನಲ್ಲೇ ವರ್ಷಗಳನ್ನು ಕಳೆದಿದೆ. ರಿಪೋರ್ಟಿನ ಬೆಳವಣಿಗೆ ದರದ ಬಗ್ಗೆ ಕೇಳಿದಿರಲ್ಲ, ಮೇಲೆ ಶಿವಮೊಗ್ಗದವರು ಎಳೆದ ಗೆರೆಯೇ ಅದು. ಅವರು ಗ್ರಾಫ್ ಪೇಪರಿನ ದುಡ್ಡಿನಲ್ಲಿ ಮಾಡಿದ್ದನ್ನು ಇವರು ಸಾವಿರಾರು ಡಾಲರಿಗೆ ಮಾರುತ್ತಾರೆ.

ನಿಮಗಿಂತ ಮೊದಲು ನಮ್ಮ ಬೆಂಗಳೂರಿನಿಂದಲೇ ಒಂದು ಪ್ರಯತ್ನ ಆಗಿದೆ. 2010ರ ಜುಲೈನಲ್ಲಿ ಹಿಡನ್ ರಿಫ್ಲೆಕ್ಸ್ ಅನ್ನುವ ಕಂಪನಿ ಎಪಿಕ್ ಬ್ರೌಸರ್ ಬಿಟ್ಟಿತು. ಫೈರ್‌ಫಾಕ್ಸ್ ಮೇಲೆ ಕಟ್ಟಿದ್ದು. ಭಾರತೀಯ ಭಾಷೆಗಳಲ್ಲಿ ಟೈಪ್ ಮಾಡಬಹುದಿತ್ತು, ಆಂಟಿವೈರಸ್ ಒಳಗೇ ಇತ್ತು. ಆಗ ಪತ್ರಿಕೆಗಳೆಲ್ಲ "ಭಾರತದ ಬ್ರೌಸರ್" ಅಂತ ಹೊಗಳಿದ್ದವು. ಆಮೇಲೆ 2013ರಲ್ಲಿ ಅದು ದಾರಿ ಬದಲಿಸಿತು. ಕ್ರೋಮಿಯಂ, ಅಂದರೆ ಯಾರು ಬೇಕಾದರೂ ಬಳಸಬಹುದಾದ ಕ್ರೋಮ್‌ನ ಮೂಲ ಕೋಡ್, ಅದರ ಮೇಲೆ ಹೊಸದಾಗಿ ಕಟ್ಟಿ, ಖಾಸಗಿತನ ಕಾಪಾಡುವ ಬ್ರೌಸರ್ ಅಂತ ಬಂತು. ಭಾಷೆಯ ಮೇಲೆ ನಿಲ್ಲಲು ಆಗದ್ದು ಯಾಕೆ ಅಂತ ನನ್ನ ಅಂದಾಜು ಹೇಳುತ್ತೇನೆ. ಅಷ್ಟರಲ್ಲಿ ಕನ್ನಡ ಟೈಪಿಂಗ್ ಕೀಬೋರ್ಡ್ ಆ್ಯಪ್‌ಗಳಲ್ಲಿ, ಫೋನಿನಲ್ಲೇ ಬರತೊಡಗಿತು. ಬ್ರೌಸರ್ ಬದಲಿಸಲು ಕಾರಣವೇ ಉಳಿಯಲಿಲ್ಲ.

ಕೇಂದ್ರ ಸರ್ಕಾರ 2023ರಲ್ಲಿ ದೇಶೀ ಬ್ರೌಸರ್ ಸ್ಪರ್ಧೆ ಇಟ್ಟಿತ್ತು. ಅದನ್ನು ನಡೆಸಿದ್ದೂ ಬೆಂಗಳೂರಿನ ಸಿ-ಡ್ಯಾಕ್, ಸರ್ಕಾರದ್ದೇ ಕಂಪ್ಯೂಟರ್ ಸಂಶೋಧನಾ ಸಂಸ್ಥೆ. 2025ರ ಮಾರ್ಚ್‌ನಲ್ಲಿ ಫಲಿತಾಂಶ ಬಂತು. ಜೋಹೋ ಕಂಪನಿ ಮೊದಲ ಬಹುಮಾನ ಒಂದು ಕೋಟಿ ರೂಪಾಯಿ ಗೆದ್ದಿತು. ಅವರ ಉಲಾ ಬ್ರೌಸರ್ ಕೂಡ ಕ್ರೋಮಿಯಂ ಮೇಲೆಯೇ ನಿಂತಿದೆ. ಅದರಲ್ಲಿ ನಾಚಿಕೆಯೇನಿಲ್ಲ. ಮೈಕ್ರೋಸಾಫ್ಟ್‌ನಂಥ ಕಂಪನಿಯೇ ತನ್ನ ಎಂಜಿನ್ ಬಿಟ್ಟು 2020ರ ಜನವರಿಯಲ್ಲಿ ಎಡ್ಜ್ ಅನ್ನು ಕ್ರೋಮಿಯಂಗೆ ತಂದಿತು. ಎಂಜಿನ್ ಕಟ್ಟುವುದು ಅಷ್ಟು ದುಬಾರಿ.

ಆ ಸ್ಲೈಡಿನ ಜಾಗದಲ್ಲಿ ಏನು ಹಾಕಬೇಕು? ಯಾರು, ಯಾವ ಊರಲ್ಲಿ, ಯಾವ ಕೆಲಸಕ್ಕೆ ನಿಮ್ಮದನ್ನು ತೆರೆಯುತ್ತಾರೆ ಅಂತ ಬರೆಯಿರಿ. ಪಹಣಿ ನೋಡುವ ರೈತರೋ, ಗ್ರಂಥಾಲಯದ ಕಂಪ್ಯೂಟರಿನಲ್ಲಿ ಓದುವ ಮಕ್ಕಳೋ. ಒಂದು ಗ್ರಂಥಾಲಯದವರು ತಮ್ಮ ಎಲ್ಲ ಕಂಪ್ಯೂಟರಿಗೂ ನಿಮ್ಮ ಬ್ರೌಸರ್ ಹಾಕಲು ಒಪ್ಪಿದರೆ, ಅದು ನಿಮ್ಮ ಶೇ 1ಕ್ಕಿಂತ ದೊಡ್ಡ ಸುದ್ದಿ.

ಅಮೆರಿಕದ ಕ್ಯಾಲಿಫೋರ್ನಿಯಾದಿಂದ, ಕನ್ನಡ ಸಂಘವೊಂದರ ವೆಬ್‌ಸೈಟ್ ನೋಡಿಕೊಳ್ಳುವವರು: ಜಗತ್ತಿನಲ್ಲಿ ಸಫಾರಿ ಶೇ 20ಕ್ಕಿಂತ ಕಡಿಮೆ. ಹಾಗಾದರೆ ಕ್ರೋಮ್‌ನಲ್ಲಿ ಸರಿ ಕಂಡರೆ ಸಾಕಲ್ಲವೇ?

ಸಾಲದು. ನಿಮ್ಮ ಸಂಘದವರು ಜಗತ್ತಿನಲ್ಲಿಲ್ಲ, ಕ್ಯಾಲಿಫೋರ್ನಿಯಾದಲ್ಲಿದ್ದಾರೆ! ಅಮೆರಿಕದಲ್ಲಿ ಸಫಾರಿ ಮೂರನೇ ಒಂದು ಭಾಗದ ಆಸುಪಾಸು ಇದೆ. ನಿಮ್ಮ ಸದಸ್ಯರ ಕೈಯಲ್ಲಿ ಐಫೋನ್ ಇನ್ನೂ ಜಾಸ್ತಿ ಇರಬಹುದು. ಯುಗಾದಿ ಕಾರ್ಯಕ್ರಮದ ಟಿಕೆಟ್ ಬಟನ್ ಸಫಾರಿಯಲ್ಲಿ ಕಾಣದಿದ್ದರೆ ಸಭಾಂಗಣ ಖಾಲಿ. ನಿಮ್ಮ ಸೈಟಿನ ಲಾಗ್ ನೋಡಿ, ಅದಕ್ಕಿಂತ ಒಳ್ಳೆಯ ಅಂಕಿ ಯಾವ ಕಂಪನಿಯ ಹತ್ತಿರವೂ ಇಲ್ಲ. ಒಂದು ಎಚ್ಚರಿಕೆ: ಐಪ್ಯಾಡ್ 2019ರಿಂದ ತನ್ನನ್ನು ಮ್ಯಾಕ್ ಕಂಪ್ಯೂಟರ್ ಅಂತ ಪರಿಚಯಿಸಿಕೊಳ್ಳುತ್ತದೆ. ಲಾಗ್‌ನಲ್ಲಿ ಮ್ಯಾಕ್ ಜಾಸ್ತಿ ಕಂಡರೆ ಅದರಲ್ಲಿ ಅಜ್ಜಿಯರ ಐಪ್ಯಾಡ್‌ಗಳೂ ಸೇರಿರುತ್ತವೆ.

ಅರ್ಕಾವೊತ್ತು ಸರಿಯಾಗಿ ಕೂರುತ್ತದೆಯೇ, ಒತ್ತಕ್ಷರಗಳು ಸಾಲಿನ ಕೆಳಗೆ ಕತ್ತರಿಸಿ ಹೋಗುತ್ತವೆಯೇ ಅಂತ ಎರಡೂ ಬ್ರೌಸರಿನಲ್ಲಿ ಕಣ್ಣಾರೆ ನೋಡಿ. ಇದು ಯಾವ ಅಂಕಿಯಲ್ಲೂ ಸಿಗುವುದಿಲ್ಲ.

ಬೆಂಗಳೂರು ಜಯನಗರದಿಂದ ಇಬ್ಬರು ಭಾವ-ಮೈದುನರು: ಎಐ ಬ್ರೌಸರುಗಳು ಬಂದಿವೆ. ಐದು ವರ್ಷದಲ್ಲಿ ಕ್ರೋಮ್ ಅರ್ಧಕ್ಕಿಂತ ಕೆಳಗೆ ಬೀಳುತ್ತದೆ ಅಂತ ಭಾವ, ಬೀಳುವುದಿಲ್ಲ ಅಂತ ನಾನು. ಸೋತವರು ಇಡೀ ಮನೆಯವರಿಗೆ ಊಟ ಹಾಕಿಸಬೇಕು. ತೀರ್ಪು ನಿಮ್ಮದು.

ಊಟಕ್ಕೆ ನನ್ನನ್ನೂ ಕರೆಯುವುದಾದರೆ ಹೇಳುತ್ತೇನೆ.

2025ರ ಜುಲೈನಲ್ಲಿ ಪರ್‌ಪ್ಲೆಕ್ಸಿಟಿ ಅನ್ನುವ ಎಐ ಕಂಪನಿಯವರ ಕಾಮೆಟ್ ಬ್ರೌಸರ್ ಬಂತು, ಅಕ್ಟೋಬರ್‌ನಲ್ಲಿ ಓಪನ್‌ಎಐನ ಅಟ್ಲಾಸ್, ಅದೂ ಮೊದಲು ಮ್ಯಾಕ್‌ಗೆ ಮಾತ್ರ. ಎರಡೂ ಕ್ರೋಮಿಯಂ ಮೇಲೆ ಕಟ್ಟಿದವು. ಉಡುಪಿಯವರಿಗೆ ಹೇಳಿದ್ದನ್ನು ನೆನಪಿಟ್ಟುಕೊಳ್ಳಿ. ಇಂಥ ಬ್ರೌಸರ್ ಕ್ರೋಮ್‌ನ ಪರಿಚಯದ ಸಾಲನ್ನೇ ಕಳಿಸಿದರೆ, ಭಾವ ಅದನ್ನು ಬಳಸಿದಷ್ಟೂ ಪಟ್ಟಿಯಲ್ಲಿ ಮೈದುನನ ಕ್ರೋಮ್ ಏರುತ್ತದೆ.

ನನ್ನ ಒಲವು ಮೈದುನನ ಕಡೆ. ಕಾರಣ ಎಐ ಕೆಟ್ಟದ್ದು ಅಂತಲ್ಲ. ಈ ಮೂವತ್ತು ವರ್ಷದಲ್ಲಿ ಪಾಲು ದೊಡ್ಡದಾಗಿ ಅಲುಗಿದ್ದೆಲ್ಲ ಹೆಚ್ಚಾಗಿ ಸಾಧನದ ಜೊತೆ ಏನು ಬರುತ್ತದೆ ಅನ್ನುವುದರಿಂದ. ವಿಂಡೋಸ್ ಜೊತೆ ಬಂದು ಎಕ್ಸ್‌ಪ್ಲೋರರ್ ನೆಟ್‌ಸ್ಕೇಪನ್ನು ಮುಗಿಸಿತು. ಫೋನಿನ ಜೊತೆ ಬಂದು ಕ್ರೋಮ್, ಸಫಾರಿ ಉಳಿದವರನ್ನು ಮೂಲೆಗೆ ತಳ್ಳಿದವು. ಜನ ತಾವಾಗಿ ಹುಡುಕಿ ಹಾಕಿಕೊಂಡು ಅಷ್ಟು ಎತ್ತರಕ್ಕೆ ಒಯ್ದದ್ದು ಫೈರ್‌ಫಾಕ್ಸ್ ಒಂದನ್ನೇ, ಅದೂ ಎಕ್ಸ್‌ಪ್ಲೋರರ್ 6 ಅಷ್ಟು ಕೆಟ್ಟದಾಗಿದ್ದರಿಂದ. ಮೊದಲೇ ಕೂತಿರುವ ಜಾಗದ ಬೆಲೆ ಎಷ್ಟು ಅಂದರೆ, ಸಫಾರಿಯಲ್ಲಿ ತನ್ನ ಹುಡುಕಾಟವೇ ಮೊದಲು ಇರಬೇಕು ಅಂತ ಗೂಗಲ್ 2022ರಲ್ಲಿ ಆಪಲ್‌ಗೆ 2,000 ಕೋಟಿ ಡಾಲರ್ ಕೊಟ್ಟಿತ್ತು. ಇದು ಅಮೆರಿಕದ ಕೋರ್ಟಿನ ದಾಖಲೆಯಲ್ಲೇ ಬಂದ ಅಂಕಿ. ಅದೇ ಮೊಕದ್ದಮೆಯಲ್ಲಿ ಕ್ರೋಮ್ ಅನ್ನು ಮಾರಿಸಬೇಕು ಅಂತ ಸರ್ಕಾರ ಕೇಳಿತ್ತು. 2025ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಧೀಶರು ಒಪ್ಪಲಿಲ್ಲ. ಮಾರಿಸಿದ್ದರೆ ಭಾವನ ಕಡೆಗೆ ಸ್ವಲ್ಪ ವಾಲುತ್ತಿದ್ದೆ.

ಭಾವ ಗೆಲ್ಲುವ ದಾರಿಯೂ ಒಂದಿದೆ. ಎಐ ಮಾತನಾಡುವ ಹೊಸ ಸಾಧನವೊಂದು ಬಂದು, ಅದರಲ್ಲಿ ಬ್ರೌಸರ್ ಅನ್ನುವುದೇ ಕಾಣದಂತಾದರೆ. ಆಗ ಕ್ರೋಮ್ ಪಾಲು ಎಷ್ಟಿದ್ದರೂ ಎಣಿಸುವ ಪುಟಗಳೇ ಕಡಿಮೆಯಾಗುತ್ತವೆ.

ಪಂದ್ಯ ಈಗಲೇ ಕಾಗದದ ಮೇಲೆ ಬರೆದಿಡಿ. ಸ್ಟ್ಯಾಟ್‌ಕೌಂಟರ್ ಲೆಕ್ಕವೇ, ಬೇರೆಯದೇ? ಜಗತ್ತೇ, ಭಾರತವೇ? ಎಲ್ಲ ಸಾಧನಗಳೇ, ಕಂಪ್ಯೂಟರ್ ಮಾತ್ರವೇ? ಯಾವ ತಿಂಗಳ ಸರಾಸರಿ? ಆ ಕಂಪನಿಯೇ ಅಂಗಡಿ ಮುಚ್ಚಿದರೆ ಏನು? ನಗಬೇಡಿ, ನೆಟ್ ಅಪ್ಲಿಕೇಷನ್ಸ್ 2020ರಲ್ಲಿ ತನ್ನ ಬ್ರೌಸರ್ ಲೆಕ್ಕ ನಿಲ್ಲಿಸಿಯೇ ಬಿಟ್ಟಿತು. ಇಷ್ಟನ್ನು ಬರೆದು ಇಬ್ಬರೂ ಸಹಿ ಹಾಕಿ, ಕಾಗದವನ್ನು ನಿಮ್ಮ ಅಕ್ಕನ ಹತ್ತಿರ ಕೊಡಿ. ಇಬ್ಬರಲ್ಲಿ ಯಾರ ಹತ್ತಿರವೂ ಇರುವುದು ಬೇಡ.